ಕಬೀರ್ ಖಾನನಿಗೆ ಕೇಳಿಸದ ಹೆಸರುಗಳು

ಈಚೆಗೆ ಜಿಲ್ಲಾ ಕೇಂದ್ರವೊಂದರಲ್ಲಿ ನಡೆದ ಎರಡು ದಿನಗಳ ತರಬೇತಿಗೆ ನಾವೂ ಹೋಗಬೇಕಾಗಿ ಬಂತು. ಬೇರೆ ಬೇರೆ ಹಿನ್ನೆಲೆಯಿಂದ ಬಂದ ಸಿಬ್ಬಂದಿಯನ್ನು ಒಟ್ಟಿಗೆ ಮುನ್ನಡೆಸುವುದು ಹೇಗೆ ಎಂಬುದು ವಿಷಯ. ಮೊದಲ ದಿನ ಊಟ ಮುಗಿದು ಎಲ್ಲರೂ ತೂಕಡಿಸುತ್ತಿದ್ದ ಹೊತ್ತಿನಲ್ಲಿ ತರಬೇತುದಾರರು ದೀಪ ಆರಿಸಿ, ಪರದೆಯ ಮೇಲೆ ‘ಚಕ್ ದೇ! ಇಂಡಿಯಾ’ ಚಿತ್ರದ ಒಂದು ದೃಶ್ಯ ತೋರಿಸಿದರು. ಹಾಕಿ ಮೈದಾನದಲ್ಲಿ ಸಾಲಾಗಿ ನಿಂತ ಹುಡುಗಿಯರು ತಮ್ಮ ಹೆಸರಿನ ಜೊತೆಗೆ ತಮ್ಮ ರಾಜ್ಯದ ಹೆಸರನ್ನು ಹೇಳುತ್ತಾರೆ. ಹೇಳಿದವರನ್ನೆಲ್ಲ ಕೋಚ್ ಕಬೀರ್ ಖಾನ್ ಸಾಲಿನಿಂದ ಆಚೆ ಕಳಿಸುತ್ತಾನೆ. ಕೊನೆಗೆ ಒಬ್ಬಳಿಗೆ ಹೊಳೆಯುತ್ತದೆ. ತನ್ನ ಹೆಸರು ಹೇಳಿ ‘ಇಂಡಿಯಾ’ ಎನ್ನುತ್ತಾಳೆ. ತನಗೆ ರಾಜ್ಯಗಳ ಹೆಸರು ಕೇಳಿಸುವುದೂ ಇಲ್ಲ, ಕಾಣಿಸುವುದೂ ಇಲ್ಲ, ಒಂದು ದೇಶದ ಹೆಸರು ಮಾತ್ರ ಕೇಳಿಸುತ್ತದೆ ಎನ್ನುತ್ತಾನೆ ಕೋಚ್. ದೀಪ ಹತ್ತಿತು. ಜೋರು ಚಪ್ಪಾಳೆ ಬಿತ್ತು. ನಾವೂ ತಟ್ಟಿದೆವು.

ಆಮೇಲೆ ಅಭ್ಯಾಸ. ಊರು, ಭಾಷೆ, ಜಾತಿ, ಧರ್ಮ ಯಾವುದರ ಸುಳಿವೂ ಕೊಡದೆ ಒಬ್ಬೊಬ್ಬರೇ ಪರಿಚಯ ಮಾಡಿಕೊಳ್ಳಬೇಕು. ಒಬ್ಬರು ಹೆಸರಿನ ಕೊನೆಯ ಗೌಡ ಬಿಟ್ಟರು, ಇನ್ನೊಬ್ಬರು ಪಾಟೀಲ ಬಿಟ್ಟರು. ನಮ್ಮ ಸರದಿ ಬಂದಾಗ ಬಿಡಲು ಏನೂ ಇರಲಿಲ್ಲ. ನಮ್ಮ ಹೆಸರು ಹೇಳಿದರೆ ಸಾಕು, ಉಳಿದದ್ದು ತಾನಾಗಿ ತಿಳಿಯುತ್ತದೆ. ಹೆಸರನ್ನೇ ಬಿಡೋಣವೆಂದರೆ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಯಾಗಿತ್ತು. ಹಾಗೆಂದಾಗ ಎಲ್ಲರೂ ನಕ್ಕರು, ನಾವೂ ನಕ್ಕೆವು. ರಾತ್ರಿ ಮಲಗಿದಾಗ ಮಾತ್ರ ಒಂದು ಪ್ರಶ್ನೆ ಕಾಡತೊಡಗಿತು. ಆ ಸಾಲಿನಲ್ಲಿ ಕಬೀರ್ ಖಾನನೇ ನಿಂತಿದ್ದರೆ ಅವನು ಏನನ್ನು ಬಿಡಬೇಕಿತ್ತು?

ಶಿಮಿತ್ ಅಮೀನ್ ನಿರ್ದೇಶಿಸಿ, ಜೈದೀಪ್ ಸಾಹ್ನಿ ಬರೆದ ಈ ಚಿತ್ರ 2007ರ ಆಗಸ್ಟಿನಲ್ಲಿ ತೆರೆಗೆ ಬಂದಾಗ ನಾವು ಅದನ್ನು ಎರಡು ಸಲ ನೋಡಿದ್ದೆವು. ಶಾರುಖ್ ಖಾನ್ ಹಾಡಿ ಕುಣಿಯದೆ, ಪ್ರೇಮಿಸದೆ, ಗಡ್ಡ ಬಿಟ್ಟುಕೊಂಡು ನಿಂತಿದ್ದೇ ಆಗ ಒಂದು ಸುದ್ದಿ. ಅಂದಿನಿಂದ ಈ ಚಿತ್ರ ಕಂಪೆನಿಗಳ, ಕಚೇರಿಗಳ ತರಬೇತಿ ಕೊಠಡಿಗಳಲ್ಲಿ ನೆಲೆಯೂರಿದೆ. ಪಂಜಾಬಿ, ಹರಿಯಾಣ್ವಿ, ಮಣಿಪುರಿ, ಮಿಜೋ, ತೆಲುಗು, ಬಂಗಾಳಿ ಹುಡುಗಿಯರನ್ನು ಒಬ್ಬ ನಾಯಕ ಒಂದು ತಂಡವಾಗಿ ಕಟ್ಟುವ ಕತೆಯಾದ್ದರಿಂದ ಇದು ಸಹಜವೇ. ನಮ್ಮ ತಕರಾರು ಚಿತ್ರದ ಮೇಲಲ್ಲ, ಅಥವಾ ಪೂರ್ತಿ ಚಿತ್ರದ ಮೇಲಲ್ಲ. ಚಿತ್ರ ಹೇಳುವುದು ಒಂದು, ತರಬೇತಿ ಕೊಠಡಿಗಳು ಅದರಿಂದ ಎತ್ತಿಕೊಂಡದ್ದು ಇನ್ನೊಂದು.

ಸಾಲಿನ ದೃಶ್ಯದಿಂದ ತಂಡ ಕಟ್ಟಿತೇ? ಚಿತ್ರವನ್ನು ಮತ್ತೊಮ್ಮೆ ನೋಡಿ. ಕಟ್ಟಲಿಲ್ಲ. ‘ಇಂಡಿಯಾ’ ಎಂದು ಹೇಳಲು ಕಲಿತ ಮೇಲೂ ಆ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಚಂಡೀಗಢದ ಪ್ರೀತಿ ಹರಿಯಾಣದ ಕೋಮಲ್‌ಗೆ ಚೆಂಡು ಕೊಡುವುದಿಲ್ಲ. ಹಿರಿಯಳಾದ ಬಿಂದಿಯಾ ಬಂಡೇಳುತ್ತಾಳೆ. ಕೊನೆಗೆ ಎಲ್ಲರೂ ಸೇರಿ ಕೋಚ್ ಬೇಡವೆಂದು ಸಹಿ ಹಾಕಿ ಕೊಡುತ್ತಾರೆ. ಅವನು ರಾಜೀನಾಮೆ ಕೊಟ್ಟು ಬೀಳ್ಕೊಡುಗೆಯ ಊಟಕ್ಕೆ ಅವರನ್ನು ಬರ್ಗರ್ ಅಂಗಡಿಗೆ ಕರೆದೊಯ್ಯುತ್ತಾನೆ. ಅಲ್ಲಿ ನಾಲ್ಕಾರು ಪುಂಡರು ಮಿಜೋರಾಮಿನ ಮೇರಿಯನ್ನೂ ಮಣಿಪುರದ ಮೋಲಿಯನ್ನೂ ಕೆಣಕುತ್ತಾರೆ. ಪಂಜಾಬಿನ ಬಲ್ಬೀರ್ ಮೊದಲು ಎದ್ದು ಬಾರಿಸುತ್ತಾಳೆ, ಆಮೇಲೆ ಎಲ್ಲರೂ ಏಳುತ್ತಾರೆ. ತಂಡ ಹುಟ್ಟಿದ್ದು ಅಲ್ಲಿ. ಮೇರಿ, ಮೋಲಿ ತಮ್ಮ ಮುಖವನ್ನು, ತಮ್ಮ ನಾಡನ್ನು ಬಿಟ್ಟುಕೊಟ್ಟದ್ದರಿಂದಲ್ಲ. ಆ ಮುಖಕ್ಕೆ ಬಿದ್ದ ಅವಮಾನ ತನಗೇ ಬಿದ್ದಂತೆ ಪಂಜಾಬಿನವಳಿಗೆ ಕಂಡದ್ದರಿಂದ. ಕೋಚ್ ಆಗ ಏನು ಮಾಡುತ್ತಾನೆಂಬುದನ್ನೂ ಗಮನಿಸಬೇಕು. ಆಜ್ಞೆ ಮಾಡುವುದಿಲ್ಲ, ಭಾಷಣ ಮಾಡುವುದಿಲ್ಲ. ಬಿಡಿಸಲು ಹೋಗುವವರನ್ನು ತಡೆದು ಸುಮ್ಮನೆ ಕೂರುತ್ತಾನೆ.

ಈ ದೃಶ್ಯವನ್ನು ತರಬೇತಿಯಲ್ಲಿ ತೋರಿಸುವುದಿಲ್ಲ. ಕಾರಣ ಸ್ಪಷ್ಟ. ಹೊಡೆದಾಟವನ್ನು ಪಾಠ ಮಾಡುವುದು ಕಷ್ಟ. ಸಾಲಿನಲ್ಲಿ ನಿಲ್ಲಿಸುವುದು ಸುಲಭ.

ಚಿತ್ರಕ್ಕೆ ಈ ಸೂಕ್ಷ್ಮ ಗೊತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿಗಳೂ ಇವೆ. ಶಿಬಿರಕ್ಕೆ ಬಂದ ಈಶಾನ್ಯದ ಹುಡುಗಿಯರನ್ನು ಅಧಿಕಾರಿಯೊಬ್ಬ ಅತಿಥಿಗಳೆಂದು ಬರಮಾಡಿಕೊಳ್ಳುತ್ತಾನೆ. ಸ್ವಂತ ದೇಶದಲ್ಲಿ ಅತಿಥಿ ಎನಿಸಿಕೊಂಡರೆ ಯಾರಿಗೆ ಸಂತೋಷವಾಗುತ್ತದೆ ಎಂಬ ಮರುಪ್ರಶ್ನೆ ಬರುತ್ತದೆ. ತಮಿಳಿಗೂ ತೆಲುಗಿಗೂ ಏನು ವ್ಯತ್ಯಾಸ ಎಂದು ಕೇಳಿದವನಿಗೆ ನೇತ್ರಾ ರೆಡ್ಡಿ, ಪಂಜಾಬಿಗೂ ಬಿಹಾರಿಗೂ ಇರುವಷ್ಟೇ ಎನ್ನುತ್ತಾಳೆ. ಹಿಂದಿ ಚಿತ್ರವೊಂದು ದಕ್ಷಿಣದವರನ್ನು ನಗೆಪಾಟಲು ಮಾಡದೆ, ಕೇಳಿದವನನ್ನೇ ನಗೆಪಾಟಲು ಮಾಡಿದ್ದು ಆ ಕಾಲಕ್ಕೆ ಅಪರೂಪ. ಚಿತ್ರದ ಮಹಿಳಾ ತಂಡ ಬಿಟ್ಟು ವಾಸ್ತವಕ್ಕೆ ಬಂದರೂ ಅಷ್ಟೇ: 2002ರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತೀಯ ಮಹಿಳಾ ಹಾಕಿ ತಂಡದ ನಾಯಕಿ ಮಣಿಪುರದ ಸೂರಜ್ ಲತಾ ದೇವಿ. ಅತಿಥಿಯಲ್ಲ, ನಾಯಕಿ.

ಆದರೆ ಜಾರ್ಖಂಡಿನ ರಾಣಿ ಮತ್ತು ಸೋಯ್‌ಮೋಯ್ ವಿಷಯದಲ್ಲಿ ಚಿತ್ರಕ್ಕೆ ಈ ಸೂಕ್ಷ್ಮ ತಪ್ಪಿಹೋಗುತ್ತದೆ. ಈ ಇಬ್ಬರು ಆದಿವಾಸಿ ಹುಡುಗಿಯರಿಗೆ ಬೆರಗುಗಣ್ಣು ಮಾತ್ರ ಕೊಡಲಾಗಿದೆ, ಮಾತು ಕೊಟ್ಟಿಲ್ಲ. ಕಾಡಿನಿಂದ ಬಂದ ಮುಗ್ಧರು ಎಂಬ ಹಳೆಯ ಚಿತ್ರ. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿಗೆ ಹೋದ ಭಾರತದ ಹಾಕಿ ತಂಡದ ನಾಯಕ ಜೈಪಾಲ್ ಸಿಂಗ್ ಅದೇ ಛೋಟಾನಾಗಪುರದ ಮುಂಡಾ ಆದಿವಾಸಿ, ಆಕ್ಸ್‌ಫರ್ಡಿನಲ್ಲಿ ಓದಿದವರು, ಮುಂದೆ ಸಂವಿಧಾನ ರಚನಾ ಸಭೆಯಲ್ಲಿ ತಮ್ಮ ಜನರ ಪರವಾಗಿ ದನಿ ಎತ್ತಿದವರು. ಹಾಕಿಯ ಚರಿತ್ರೆಯಲ್ಲಿ ಮಾತಾಡಿದ ಆದಿವಾಸಿ, ಹಾಕಿಯ ಸಿನಿಮಾದಲ್ಲಿ ಮೂಕನಾಗಿದ್ದಾನೆ. ರಾಜ್ಯದ ಹೆಸರು ಕೇಳಿಸದ ಕೋಚಿಗೆ ಇವರ ಮೌನವೂ ಕೇಳಿಸಲಿಲ್ಲ.

ಬಿಂದಿಯಾಳಿಗೂ ಅನ್ಯಾಯವಾಗಿದೆ. ಅನುಭವಿ ಆಟಗಾರ್ತಿಯನ್ನು ಬದಿಗಿಟ್ಟರೆ ಅವಳಿಗೆ ಸಿಟ್ಟು ಬರುವುದು ನ್ಯಾಯ. ಆ ಸಿಟ್ಟನ್ನು ಚಿತ್ರ ಮೊದಲು ಅಹಂಕಾರವಾಗಿ, ಆಮೇಲೆ ಹಾಸಿಗೆಯ ಆಮಿಷವಾಗಿ ತೋರಿಸಿ ಹಗುರ ಮಾಡುತ್ತದೆ. ಮಸೀದಿಯಲ್ಲಿ ಇಮಾಮರು ಓದುವಾಗ ತಪ್ಪಿದರೆ ಹಿಂದೆ ನಿಂತವನೊಬ್ಬ ತಿದ್ದುತ್ತಾನೆ. ಅದಕ್ಕೆ ಉರ್ದುವಿನಲ್ಲಿ ಲುಕ್ಮಾ ಕೊಡುವುದು ಎನ್ನುತ್ತೇವೆ; ಲುಕ್ಮಾ ಎಂದರೆ ತುತ್ತು. ತಿದ್ದಿದವನನ್ನು ಯಾರೂ ಬಂಡಾಯಗಾರ ಎನ್ನುವುದಿಲ್ಲ. ಇಮಾಮರು ತಿದ್ದಿಕೊಂಡು ಮುಂದೆ ಓದುತ್ತಾರೆ. ಕಬೀರ್ ಖಾನನಿಗೆ ಲುಕ್ಮಾ ಕೊಡುವವರೇ ಇಲ್ಲ. ಕೊರಿಯಾ ವಿರುದ್ಧದ ಪಂದ್ಯದಲ್ಲಿ ಅವನು ಬಿಂದಿಯಾಳ ಬಳಿ ಹೋಗಿ ಸಹಾಯ ಕೇಳಬೇಕಾಗುತ್ತದೆ ನಿಜ. ಅಲ್ಲಿಗೆ ಚಿತ್ರ ತುಸು ದೊಡ್ಡದಾಗುತ್ತದೆ.

ಇನ್ನು ಕಬೀರ್ ಖಾನನ ಹೆಸರು. ಚಿತ್ರದ ಹಿಂದೆ ಮೀರ್ ರಂಜನ್ ನೇಗಿಯವರ ಬದುಕಿನ ನೆರಳಿದೆ ಎಂಬುದು ಎಲ್ಲರಿಗೂ ತಿಳಿದದ್ದೇ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲಿನಲ್ಲಿ ಭಾರತ ಪಾಕಿಸ್ತಾನಕ್ಕೆ 1–7ರಿಂದ ಸೋತಾಗ ಗೋಲಿನಲ್ಲಿದ್ದವರು ಅವರು. ಮಾರಿಕೊಂಡವನೆಂಬ ಹಣೆಪಟ್ಟಿ ಹೊತ್ತು ವರ್ಷಗಟ್ಟಲೆ ಬಾಳಿದರು. ಚಿನ್ನ ಗೆದ್ದ 2002ರ ಮಹಿಳಾ ತಂಡದ ಗೋಲ್‌ಕೀಪರುಗಳಿಗೆ ತರಬೇತಿ ಕೊಟ್ಟವರೂ ಅವರೇ. ನೇಗಿ ಮುಸ್ಲಿಮರಲ್ಲ. ಚಿತ್ರ ಆ ಜಾಗದಲ್ಲಿ ಒಬ್ಬ ಖಾನನನ್ನು ತಂದು ನಿಲ್ಲಿಸಿತು. ಇದು ಧೈರ್ಯದ ಆಯ್ಕೆ. ಪೆನಾಲ್ಟಿ ಸ್ಟ್ರೋಕ್ ತಪ್ಪಿಸಿಕೊಂಡವನು, ಪಾಕಿಸ್ತಾನದ ಆಟಗಾರನ ಕೈಕುಲುಕಿದವನು ಖಾನನಾದಾಗ ಸೋಲಿಗೆ ಬೇರೆಯೇ ಅರ್ಥ ಬರುತ್ತದೆ ಎಂಬುದನ್ನು ಜನಪ್ರಿಯ ಚಿತ್ರವೊಂದು ನೇರವಾಗಿ ತೋರಿಸಿತು. ಮನೆಯ ಗೋಡೆಯ ಮೇಲೆ ‘ಗದ್ದಾರ್’ ಎಂದು ಬರೆಯುತ್ತಾರೆ. ಆತ ಅಮ್ಮಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮೊಹಲ್ಲಾ ಬಿಡುತ್ತಾನೆ. ಉರ್ದು ಶಾಲೆಯಲ್ಲಿ ನಾವು ಈ ಪದವನ್ನು ಕಲಿತದ್ದು 1799ರ ಶ್ರೀರಂಗಪಟ್ಟಣದ ಪಾಠದಲ್ಲಿ, ಮೀರ್ ಸಾದಿಕನ ಹೆಸರಿನೊಂದಿಗೆ. ದೊರೆಯನ್ನು ಶತ್ರುವಿಗೆ ಒಪ್ಪಿಸಿದವನಿಗೆ ಮೀಸಲಾಗಿದ್ದ ಮಾತು ಒಂದು ಸ್ಟ್ರೋಕ್ ತಪ್ಪಿಸಿಕೊಂಡವನಿಗೂ ಸಾಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಚಿತ್ರದ ತೊಡಕು ಇರುವುದು ಇದಾದ ಮೇಲೆ. ಈ ಮನುಷ್ಯನಿಗೆ ತನ್ನ ಗಾಯದ ಬಗ್ಗೆ ತನ್ನ ತಂಡದೊಂದಿಗೆ ಒಂದು ಮಾತೂ ಆಡಲು ಚಿತ್ರ ಬಿಡುವುದಿಲ್ಲ. ಅದೇ ತಂಡದಲ್ಲಿ ಗುಲ್ ಇಕ್ಬಾಲ್ ಎಂಬ ಹುಡುಗಿ ಇದ್ದಾಳೆ. ಅವಳ ಬಗ್ಗೆ ಚಿತ್ರ ಹೆಚ್ಚೇನೂ ಹೇಳುವುದಿಲ್ಲ. ಹೆಸರುಗಳನ್ನು ಬಿಡಿ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಬೇಕಾದವನು, ಹೆಸರಿನ ಕಾರಣಕ್ಕೆ ಮನೆ ಬಿಟ್ಟವನೇ ಆಗಿದ್ದಾನೆ. ಅವನಿಂದ ಆ ಮಾತು ಹೇಳಿಸಿದರೆ ಎಲ್ಲರಿಗೂ ಹಿತವೆನಿಸುತ್ತದೆ. ನಮ್ಮ ಚಪ್ಪಾಳೆಯಲ್ಲಿ ಆ ನಿರಾಳವೂ ಇತ್ತೆಂದು ಒಪ್ಪಿಕೊಳ್ಳಬೇಕು. ಆಮೇಲೆ ಮೆಲ್ಬರ್ನ್‌ನಲ್ಲಿ ವಿಶ್ವಕಪ್ ಗೆದ್ದು ಬಂದಾಗಲೇ ಮೊಹಲ್ಲಾದ ಜನ ಅವನನ್ನು ಹಳೆಯ ಮನೆಗೆ ಬರಮಾಡಿಕೊಳ್ಳುತ್ತಾರೆ. ಅಂದರೆ ವಫಾದಾರಿಗೆ ರಸೀದಿ ಬೇಕು, ರಸೀದಿ ಎಂದರೆ ಕಪ್ಪು.

ಇದಕ್ಕೆ ಬೇರೆ ದಾರಿ ಇರಲಿಲ್ಲವೇ? ಇತ್ತು, ಅದೂ ಹಾಕಿಯಲ್ಲೇ. 1975ರ ಕೌಲಾಲಂಪುರ ವಿಶ್ವಕಪ್ಪಿನಲ್ಲಿ ಭಾರತ ತಂಡದ ಮ್ಯಾನೇಜರ್ ಬಲ್ಬೀರ್ ಸಿಂಗ್. 1948, 1952, 1956ರ ಮೂರು ಒಲಿಂಪಿಕ್ ಚಿನ್ನಗಳ ಸರದಾರ. ತಂಡದಲ್ಲಿ ಪಂಜಾಬಿನ ಅಜಿತ್‌ಪಾಲ್ ನಾಯಕ, ಆದಿವಾಸಿ ಸಮುದಾಯದ ಮೈಕೇಲ್ ಕಿಂಡೊ, ನಮ್ಮ ಕೊಡಗಿನ ಬಿ.ಪಿ. ಗೋವಿಂದ, ಭೋಪಾಲದ ಅಸ್ಲಂ ಶೇರ್ ಖಾನ್. ಮಲೇಶಿಯಾ ವಿರುದ್ಧದ ಸೆಮಿಫೈನಲಿನಲ್ಲಿ ಭಾರತ 1–2ರಿಂದ ಹಿಂದಿತ್ತು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಅಸ್ಲಂ ಅವರನ್ನು ಮೈದಾನಕ್ಕಿಳಿಸಿದರು. ಪೆನಾಲ್ಟಿ ಕಾರ್ನರ್ ಸಿಕ್ಕಿತು. ಅಸ್ಲಂ ಕೊರಳಿನ ತಾವೀಜಿಗೆ ಮುತ್ತಿಟ್ಟು ಹೊಡೆದರು, ಗೋಲಾಯಿತು. ಹೆಚ್ಚುವರಿ ಸಮಯದಲ್ಲಿ ಭಾರತ ಗೆದ್ದಿತು. ಫೈನಲಿನ ಎದುರಾಳಿ ಪಾಕಿಸ್ತಾನ. ಅದರ ಹಿಂದಿನ ದಿನ ಶುಕ್ರವಾರ. ಬಲ್ಬೀರ್ ಸಿಂಗ್ ಅಸ್ಲಂ ಜೊತೆಗೆ ತಾವೂ ಮಸೀದಿಗೆ ಹೋದರು. ಮರುದಿನ 2–1ರಿಂದ ಗೆಲುವು. ದೇಶ ವಿಭಜನೆಯನ್ನು ಕಣ್ಣಾರೆ ಕಂಡ ಪಂಜಾಬಿನ ಸಿಖ್ಖರೊಬ್ಬರು, ಪಾಕಿಸ್ತಾನದೊಡನೆ ಆಡುವ ಮುನ್ನಾದಿನ ತಮ್ಮ ಮುಸ್ಲಿಂ ಆಟಗಾರನಿಗೆ ತಾವೀಜು ಬಿಚ್ಚಿಡು ಎನ್ನಲಿಲ್ಲ, ಜುಮಾ ನಮಾಜಿಗೆ ಜೊತೆ ಕೊಟ್ಟರು. ಈ ದೃಶ್ಯವನ್ನು ಯಾರೂ ಸಿನಿಮಾ ಮಾಡಿ ನಮಗೆ ತೋರಿಸಿಲ್ಲ.

ಈಚಿನ ಎರಡು ಘಟನೆಗಳು. 2021ರ ಟೋಕಿಯೊ ಒಲಿಂಪಿಕ್ಸಿನಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ ಹಾಕಿಯಲ್ಲಿ ಭಾರತೀಯ ಮಹಿಳೆಯೊಬ್ಬರಿಂದ ಅದೇ ಮೊದಲು. ಅದೇ ವಾರ ತಂಡ ಸೆಮಿಫೈನಲಿನಲ್ಲಿ ಅರ್ಜೆಂಟೀನಾಕ್ಕೆ ಸೋತಾಗ ಹರಿದ್ವಾರದ ಬಳಿಯ ಅವರ ಮನೆಯ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದರು. ಸಾಲಿನಲ್ಲಿ ನಿಂತು ‘ಇಂಡಿಯಾ’ ಎಂದು ಹೇಳಿಯೂ ಆಗಿತ್ತು, ಮೂರು ಗೋಲು ಹೊಡೆದೂ ಆಗಿತ್ತು. ಅಕ್ಟೋಬರ್ 24ರಂದು ದುಬೈನಲ್ಲಿ ಕ್ರಿಕೆಟ್ ತಂಡ ಪಾಕಿಸ್ತಾನಕ್ಕೆ ಹತ್ತು ವಿಕೆಟ್‌ಗಳಿಂದ ಸೋತಿತು. ಅಂದು ಯಾವ ಬೌಲರನಿಗೂ ವಿಕೆಟ್ ಸಿಗಲಿಲ್ಲ, ಬೈಗುಳ ಮಾತ್ರ ಮೊಹಮ್ಮದ್ ಶಮಿಯವರನ್ನು ಹುಡುಕಿಕೊಂಡು ಬಂತು. ಆರು ದಿನಗಳ ನಂತರ ನಾಯಕ ವಿರಾಟ್ ಕೊಹ್ಲಿ ಪತ್ರಕರ್ತರ ಮುಂದೆ, ಧರ್ಮದ ಕಾರಣಕ್ಕೆ ಒಬ್ಬರ ಮೇಲೆ ಎರಗುವುದಕ್ಕಿಂತ ಹೀನವಾದದ್ದಿಲ್ಲ ಎಂದರು. ಆರು ದಿನ ಹೆಚ್ಚಾಯಿತು ಎನ್ನುವವರಿದ್ದಾರೆ. ಇರಲಿ. ತನಗೆ ಧರ್ಮ ಕಾಣಿಸುವುದಿಲ್ಲ ಎಂದು ಅವರು ಜಾರಿಕೊಳ್ಳಲಿಲ್ಲ. ಏಟು ಯಾವ ಕಾರಣಕ್ಕೆ ಬಿತ್ತೋ ಅದನ್ನು ಬಾಯಿಬಿಟ್ಟು ಹೇಳಿದರು. ಕಬೀರ್ ಖಾನ್ ಮನೆ ಖಾಲಿ ಮಾಡಿದ ದಿನ ಅವನ ಪರವಾಗಿ ಇಂಥ ಒಂದು ದನಿ ಚಿತ್ರದಲ್ಲಿ ಕೇಳಿಸುವುದಿಲ್ಲ.

ತರಬೇತಿಯ ಎರಡನೆಯ ದಿನ ನಾವು ತರಬೇತುದಾರರನ್ನು ಕೇಳಿದೆವು. ಸರ್, ಗೋಲ್‌ಕೀಪರ್ ವಿದ್ಯಾ ಶರ್ಮಾ ಆ ಕೊನೆಯ ಸ್ಟ್ರೋಕನ್ನು ತಡೆಯದೇ ಹೋಗಿದ್ದರೆ ಕಬೀರ್ ಖಾನ್ ಒಳ್ಳೆಯ ನಾಯಕನೋ ಅಲ್ಲವೋ? ಅವರು ಸಜ್ಜನರು, ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ತುಸು ಹೊತ್ತು ಯೋಚಿಸಿದರು. ಪೆನ್ ಡ್ರೈವಿನಲ್ಲಿ ಸಾಲಿನ ದೃಶ್ಯ ಮಾತ್ರ ಇದೆ, ಪೂರ್ತಿ ಸಿನಿಮಾ ನೋಡಿ ಬಹಳ ವರ್ಷವಾಯಿತು ಎಂದರು. ಅಷ್ಟರಲ್ಲಿ ಚಹಾ ಬಂತು.