ಎಷ್ಟು ಇಂಚಿನ ಗಾಲಿ?

ಕೊಟ್ಟೂರಿನ ತೇರು ಹೊರಡುವುದಕ್ಕೆ ಇನ್ನೂ ವೇಳೆಯಿರುವಾಗ ಅದರ ಸುತ್ತ ನೆರೆಯುವ ಜನರು ಮೊದಲು ಕೈಮುಗಿಯುವುದು ಮೇಲಿನ ಕಳಸಕ್ಕಾದರೂ, ಬಹು ಹೊತ್ತು ದಿಟ್ಟಿಸಿ ನಿಲ್ಲುವುದು ಕೆಳಗಿನ ಗಾಲಿಗಳ ಮುಂದೆ ಎಂಬುದನ್ನು ನಾನು ಗಮನಿಸಿದ್ದೇನೆ. ಗಾಲಿಯೊಂದನ್ನು ಕಂಡು ಅದರ ಗುಣದೋಷಗಳ ವಿಷಯವಾಗಿ ಒಂದು ಮಾತನ್ನೂ ಆಡದೆ ಮುಂದೆ ಸಾಗುವ ಮನುಷ್ಯ ಈ ಸೀಮೆಯಲ್ಲಿ ವಿರಳ. ಆದುದರಿಂದ, ಬ್ಯಾಟರಿಯನ್ನೂ ಮೋಟಾರನ್ನೂ ಹೊತ್ತ, ಗುಡ್ಡಗಾಡಿಗೆಂದೇ ರಚಿತವಾದ ಮೌಂಟನ್ ಬೈಕೊಂದನ್ನು ಕೊಳ್ಳುವ ಇಚ್ಛೆಯನ್ನು ನಾನು ಬಾಯಿಬಿಟ್ಟು ಹೇಳಿದ ದಿನ, ಅದರ ಬೆಲೆಯನ್ನಾಗಲಿ ಅದು ಹೋಗುವ ದೂರವನ್ನಾಗಲಿ ವಿಚಾರಿಸದೆ, ಸೈಕಲ್ ಅಂಗಡಿಯವರಿಂದ ಮೊದಲ್ಗೊಂಡು ಚಹದಂಗಡಿಯ ಮುಂದಿನ ಕಟ್ಟೆಯ ಹಿರಿಯರವರೆಗೆ ಎಲ್ಲರೂ ಒಂದೇ ಪ್ರಶ್ನೆಯನ್ನು ಕೇಳಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ: "ಎಷ್ಟು ಇಂಚಿಂದು ತಗಂತೀರಿ ಮೇಷ್ಟ್ರೇ?"

ಪ್ರಶ್ನೆ ಸರಳವಾಗಿ ತೋರುತ್ತದೆ. ಆದರೆ ಸೈಕಲ್ಲಿನ ಲೋಕದಲ್ಲಿ ಇಂಚೆಂಬ ಮಾತಿನಷ್ಟು ಮೋಸಗಾರ ಮಾತು ಇನ್ನೊಂದಿಲ್ಲ. ನಮ್ಮ ಹಿರಿಯರು ಇಪ್ಪತ್ತೆರಡರ ಸೈಕಲ್ಲು, ಇಪ್ಪತ್ತನಾಲ್ಕರ ಸೈಕಲ್ಲು ಎನ್ನುತ್ತಿದ್ದಾಗ ಅವರ ಲಕ್ಷ್ಯವಿದ್ದದ್ದು ಫ್ರೇಮಿನ ಎತ್ತರದ ಮೇಲೆ. ಗಾಲಿ ಎರಡಕ್ಕೂ ಒಂದೇ, 28 ಇಂಚಿನದು. ಇಂದಿನ ಮೌಂಟನ್ ಬೈಕುಗಳ 26, 27.5, 29 ಎಂಬ ಸಂಖ್ಯೆಗಳಾದರೋ ಗಾಲಿಗೆ ಸಂಬಂಧಿಸಿದವು, ಅದೂ ಟೈರನ್ನು ಸೇರಿಸಿ, ಸರಿಸುಮಾರಾಗಿ. ಟೈರನ್ನು ಬಿಚ್ಚಿ ರಿಮ್ಮಿನ ಮೇಲೆ ಅದು ಕೂರುವ ಸ್ಥಾನವನ್ನು ಅಳೆದರೆ ಇವು ಕ್ರಮವಾಗಿ 559, 584 ಮತ್ತು 622 ಮಿಲಿಮೀಟರುಗಳಾಗುತ್ತವೆ. ಹಾಲಿನ ಕ್ಯಾನುಗಳನ್ನು ತೂಗುಹಾಕಿಕೊಂಡು ಬೆಳಗಿನ ಜಾವ ಊರೊಳಕ್ಕೆ ಬರುತ್ತಿದ್ದ ಆ ಹಳೆಯ ಕರಿಯ ಸೈಕಲ್ಲಿನ ರಿಮ್ಮು 635. ಅಂದರೆ, ಗಾಲಿಯ ಗಾತ್ರದಲ್ಲಿ ನವೀನತಮವೆಂದು ಜಾಹೀರಾತುಗಳು ಕೊಂಡಾಡುವ 29ರ ರಿಮ್ಮು ನಮ್ಮ ತಂದೆ ತಾತಂದಿರು ತುಳಿದ ರಿಮ್ಮಿಗಿಂತ ಹದಿಮೂರು ಮಿಲಿಮೀಟರು ಚಿಕ್ಕದು. ಉಳಿದುದೆಲ್ಲ ಟೈರಿನ ದಪ್ಪದ ಮಹಿಮೆ.

ಈ ಅಳತೆಗಳ ವಂಶಾವಳಿಯನ್ನು ಕೆದಕಿದರೆ ಇನ್ನಷ್ಟು ವಿನೋದವಿದೆ. ಅಮೆರಿಕದ ಶ್ವಿನ್ ಕಂಪನಿ 1933ರಲ್ಲಿ ದಪ್ಪ ಟೈರಿನ ಸೈಕಲ್ಲುಗಳನ್ನು ಮಾರುಕಟ್ಟೆಗೆ ತಂದಿತು. ನಾಲ್ಕು ದಶಕಗಳ ತರುವಾಯ ಕ್ಯಾಲಿಫೋರ್ನಿಯದ ಮರೀನ್ ಕೌಂಟಿಯ ಕೆಲವು ಉತ್ಸಾಹಿಗಳು ಗುಜರಿಗೆ ಸೇರಬೇಕಾಗಿದ್ದ ಅಂಥ ಸೈಕಲ್ಲುಗಳನ್ನೇ ಟ್ಯಾಮಲ್‌ಪೈಸ್ ಬೆಟ್ಟದ ಇಳಿಜಾರಿನಲ್ಲಿ ಓಡಿಸಿ ಮೌಂಟನ್ ಬೈಕಿಗೆ ಜನ್ಮವಿತ್ತರು. ಅವಕ್ಕೆ 26ರ ಗಾಲಿಯಿದ್ದುದರಿಂದ 26 ಪ್ರಮಾಣವಾಯಿತು. 584ರ ರಿಮ್ಮು ಫ್ರಾನ್ಸಿನ ಪ್ರವಾಸಿ ಸೈಕಲ್ಲಿನದು. 622 ರಸ್ತೆಯ ಪಂದ್ಯದ ಸೈಕಲ್ಲಿನದು. ಬೆಟ್ಟವೊಂದನ್ನು ಮುಂದಿಟ್ಟುಕೊಂಡು, ಈ ಬೆಟ್ಟಕ್ಕೆ ಇಂತಹ ಗಾಲಿಯೇ ಯುಕ್ತವೆಂದು ಲೆಕ್ಕಹಾಕಿ ಹುಟ್ಟಿಸಿದ ಅಳತೆ ಈ ಮೂರರಲ್ಲಿ ಒಂದೂ ಇಲ್ಲ. ಉಗ್ರಾಣದಲ್ಲಿ ಏನಿತ್ತೋ ಅದೇ ಕಾಲಕ್ರಮದಲ್ಲಿ ಶಾಸ್ತ್ರವಾಯಿತು.

ಆದಾಗ್ಯೂ ದೊಡ್ಡ ಗಾಲಿಯ ಪಕ್ಷಪಾತಿಗಳ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಗಾಲಿ ದೊಡ್ಡದಾದಷ್ಟೂ ಅದು ಕಲ್ಲನ್ನು ಎದುರಿಸುವ ಕೋನ ಸಣ್ಣದಾಗುತ್ತದೆ. ಆದುದರಿಂದ ಕಲ್ಲನ್ನು ಹತ್ತುವುದು ಸುಲಭ. ಆದರೆ ಎಷ್ಟು ಸುಲಭ? ಐದು ಸೆಂಟಿಮೀಟರು ಎತ್ತರದ ಕಲ್ಲಿಗೆ 26ರ ಗಾಲಿ ಸುಮಾರು 32 ಡಿಗ್ರಿ ಕೋನದಲ್ಲಿ ತಾಗಿದರೆ 29ರ ಗಾಲಿ 30 ಡಿಗ್ರಿಯಲ್ಲಿ ತಾಗುತ್ತದೆ. ಎರಡು ಡಿಗ್ರಿಯ ಈ ಅಂತರಕ್ಕಾಗಿ ನಡೆದಿರುವ ವಾಗ್ವಾದವನ್ನು ಕಂಡರೆ, ಮೈಲಾರದ ಜಾತ್ರೆಗೆ ಸಾಲುಗಟ್ಟಿ ಹೋಗುತ್ತಿದ್ದ ಎತ್ತಿನ ಬಂಡಿಗಳ ನೆನಪಾಗಿ ನನಗೆ ನಗು ಬರುತ್ತದೆ. ಒಂದೂವರೆ ಮೀಟರು ವ್ಯಾಸದ ಬಂಡಿಗಾಲಿ ಅದೇ ಕಲ್ಲನ್ನು 21 ಡಿಗ್ರಿಯಲ್ಲಿ ಏರಿ ಇಳಿಯುತ್ತದೆ. ದೊಡ್ಡ ಗಾಲಿಯೆಂದರೆ ಅದು. ಹಾಗಿದ್ದೂ ನಮ್ಮ ರೈತರು, ಅಚ್ಚು, ಗುಂಬ, ಅರೆ, ಹಳಿಗಳ ಸಮಸ್ತ ವಿದ್ಯೆಯನ್ನೂ ಬಲ್ಲವರು, ಆ ಮಹಾಗಾಲಿಯನ್ನು ಬಿಟ್ಟು ಅದರ ಅರ್ಧದಷ್ಟೂ ಎತ್ತರವಿಲ್ಲದ ಟೈರುಬಂಡಿಗೆ ಒಲಿದರಲ್ಲ, ಏಕೆ? ಕಬ್ಬಿಣದ ಹಳಿ ಕಲ್ಲನ್ನು ಹತ್ತಬೇಕು. ಗಾಳಿ ತುಂಬಿದ ಟೈರು ಕಲ್ಲನ್ನು ನುಂಗಿಬಿಡುತ್ತದೆ. ವ್ಯಾಸವನ್ನು ಕೊಟ್ಟು ಗಾಳಿಯನ್ನು ಕೊಂಡ ಆ ವ್ಯಾಪಾರದಲ್ಲಿ ರೈತನಿಗೆ ನಷ್ಟವಾಗಲಿಲ್ಲ. ವಿದ್ಯುತ್ ಸೈಕಲ್ಲನ್ನು ಆರಿಸುವಾಗ ನಾನು ಹಿಡಿದ ಒರೆಗಲ್ಲೂ ಅದೇ: ಮೊದಲು ಗಾಳಿ, ಅನಂತರ ಇಂಚು.

ಗಾಳಿಯೆಂದರೆ ಟೈರಿನ ಅಗಲ. ಎರಡೂಕಾಲು ಇಂಚು ಅಗಲದ ಟೈರಿನಲ್ಲಿ ಮೂವತ್ತು ಪಾಯಿಂಟ್ ಗಾಳಿಯನ್ನಷ್ಟೇ ಇಟ್ಟುಕೊಂಡು ಗುಡೇಕೋಟೆಯ ಕಡೆಯ ಬಂಡೆಗಳ ನಡುವಿನ ದಾರಿಯಲ್ಲಿ ಸಾಗಬಹುದು. ಕಿರಿದಾದ ಟೈರಿನಲ್ಲಿ ಹಾಗೆ ಮಾಡಹೋದರೆ ರಿಮ್ಮು ಕಲ್ಲಿಗೆ ಬಡಿದು ಟ್ಯೂಬು ಕಚ್ಚಿಹೋಗುತ್ತದೆ. ಹಾಗಾದರೆ ಅಗಲ ಹೆಚ್ಚಿದಷ್ಟೂ ಒಳ್ಳೆಯದೇ ಎಂದು ಕೇಳಬಹುದು. ಕೂಡ್ಲಿಗಿಯ ಮಸಾರಿ ನೆಲಕ್ಕೆ, ಹಗರಿಯ ಪಾತ್ರದ ಮರಳಿಗೆ ಆ ಮಾತು ಒಪ್ಪುತ್ತದೆ. ಹಡಗಲಿ, ಹರಪನಹಳ್ಳಿಗಳ ಕಡೆಯ ಎರೆಯ ಪಟ್ಟಿಗಳಲ್ಲಿ ಒಂದು ಮಳೆ ಬಿದ್ದ ಮೇಲೆ ಅದೇ ಮಾತನ್ನು ಆಡುವ ಧೈರ್ಯ ನನಗಿಲ್ಲ. ಎರೆಮಣ್ಣು ಟೈರಿಗೆ ಅಂಟುತ್ತದೆ, ಅಂಟಿದ ಮಣ್ಣಿಗೆ ಮಣ್ಣು ಅಂಟುತ್ತದೆ, ಹತ್ತು ಮಾರು ಹೋಗುವುದರೊಳಗೆ ಟೈರಿಗೂ ಫೋರ್ಕಿಗೂ ನಡುವೆ ಇದ್ದ ಸಂದು ತುಂಬಿ ಗಾಲಿ ಉರುಳುವುದನ್ನೇ ನಿಲ್ಲಿಸುತ್ತದೆ. ಆಗ ಮೋಟಾರು, ಬ್ಯಾಟರಿ, ಸವಾರನ ಪೌರುಷ ಮೂರೂ ನಿಷ್ಪ್ರಯೋಜಕ, ಕೈಯಲ್ಲೊಂದು ಕಡ್ಡಿ ಮಾತ್ರ ಪ್ರಯೋಜಕ. ಆದುದರಿಂದ ಅಂಗಡಿಯಲ್ಲಿ ನಾನು ಗಾಲಿಯ ಇಂಚನ್ನು ಕೇಳುವುದಕ್ಕೆ ಮುಂಚೆ ಟೈರಿಗೂ ಫೋರ್ಕಿಗೂ ನಡುವೆ ನನ್ನ ಹೆಬ್ಬೆರಳು ಸರಾಗವಾಗಿ ತೂರುತ್ತದೆಯೇ ಎಂದು ನೋಡಿದೆ. ಅಂಗಡಿಯ ಹುಡುಗ ನನ್ನನ್ನು ಸಂಶಯದಿಂದ ನೋಡಿದ.

ಇನ್ನು ಮುಳ್ಳಿನ ವಿಚಾರ. ಮೌಂಟನ್ ಬೈಕಿನಂತೆಯೇ ಅಮೆರಿಕ ಖಂಡದಿಂದ ಬಂದು, ಇಲ್ಲಿ ಬೇರುಬಿಟ್ಟು, ಪಾಪ ನಮ್ಮ ಹಳೆಯ ಜಿಲ್ಲೆಯ ಹೆಸರನ್ನೇ ತನ್ನದಾಗಿಸಿಕೊಂಡ ಬಳ್ಳಾರಿ ಜಾಲಿ ಈ ಸೀಮೆಯ ತಾಲ್ಲೂಕುಗಳ ಯಾವ ಹಳ್ಳದ ದಂಡೆಯನ್ನೂ ಯಾವ ಕೆರೆಯ ಅಂಗಳವನ್ನೂ ಬಿಟ್ಟಿಲ್ಲ. ತಾಲ್ಲೂಕುಗಳೇನೋ ಜಿಲ್ಲೆಯಿಂದ ಜಿಲ್ಲೆಗೆ ದಾಟಿವೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ ಮರಳಿ ಬಂದಿತು, 2021ರಲ್ಲಿ ಎಲ್ಲವೂ ಕೂಡಿ ವಿಜಯನಗರ ಜಿಲ್ಲೆಗೆ ಸೇರಿದುವು. ಜಾಲಿ ಮಾತ್ರ ಬಳ್ಳಾರಿಯದಾಗಿಯೇ ಉಳಿದಿದೆ. ಅದರ ಮುಳ್ಳು ನೀಳವಾದದ್ದು, ನೆಟ್ಟಗಿನದು, ದಪ್ಪ ಟೈರನ್ನೂ ಭೇದಿಸಬಲ್ಲದು. ನೆಗ್ಗಿಲುಮುಳ್ಳಾದರೋ ಅದಕ್ಕಿಂತ ಕುಟಿಲ. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕಿರುವಂತೆ ಪ್ರಕೃತಿ ಅದನ್ನು ರಚಿಸಿದ್ದಾಳೆ. ಇವೆರಡರ ಮುಂದೆ 26 ಎಂದೂ 29 ಎಂದೂ ಭೇದವಿಲ್ಲ. ಪಂಚರಾದಾಗ ಏನು ಗತಿ ಎಂಬುದರ ಮೇಲೆಯೇ ಇಲ್ಲಿ ಸೈಕಲ್ಲಿನ ಯೋಗ್ಯತೆಯನ್ನು ನಿರ್ಣಯಿಸಬೇಕಾಗಿದೆ. ದುರದೃಷ್ಟವಶಾತ್ ಮಾರುವವರ ಗುಣವರ್ಣನೆಗಳಲ್ಲಿ ಈ ಅಧ್ಯಾಯವೇ ಲುಪ್ತವಾಗಿದೆ.

ನಮ್ಮಲ್ಲಿ ಸುಲಭ ಬೆಲೆಗೆ ಸಿಗುವ ವಿದ್ಯುತ್ ಸೈಕಲ್ಲುಗಳಲ್ಲಿ ಹೆಚ್ಚಿನವು ಹಿಂದಿನ ಗಾಲಿಯ ಗುಂಬದೊಳಗೇ ಮೋಟಾರನ್ನು ಅಡಗಿಸಿಕೊಂಡಿರುತ್ತವೆ. ಅಂತಹ ಗಾಲಿಯನ್ನು ಕಳಚುವುದು ಸಾಮಾನ್ಯ ಕೆಲಸವಲ್ಲ: ತಂತಿಯ ಜೋಡಣೆಯನ್ನು ಬಿಡಿಸಬೇಕು, ಬಲವಾದ ನಟ್ಟುಗಳನ್ನು ಸಡಿಲಿಸಬೇಕು, ಭಾರವನ್ನು ತಾಳಬೇಕು. ಆದರೆ ನಮ್ಮ ಪಂಚರ್ ಅಂಗಡಿಯವರ ಪುರಾತನ ಕೌಶಲವೊಂದಿದೆ. ಅವರು ಗಾಲಿಯನ್ನು ಕಳಚುವುದೇ ಇಲ್ಲ. ಟೈರಿನ ಒಂದು ಅಂಚನ್ನು ಮಾತ್ರ ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು, ಬೋಗುಣಿಯ ನೀರಿನಲ್ಲಿ ಅದ್ದಿ, ಗುಳ್ಳೆಯೇಳುವ ಜಾಗವನ್ನು ಗುರುತಿಸಿ, ಉಜ್ಜಿ, ಸಲ್ಯೂಷನ್ ಹಚ್ಚಿ ಪ್ಯಾಚನ್ನು ಕೂರಿಸಿ, ಮತ್ತೆ ಒಳಕ್ಕೆ ತೂರಿಸಿ ಕೊಡುತ್ತಾರೆ. ಗುಂಬದ ಮೋಟಾರಿಗೆ ಇದಕ್ಕಿಂತ ಅನುಕೂಲವಾದ ಪದ್ಧತಿಯನ್ನು ನಾನು ಕಾಣೆ. ಟ್ಯೂಬೇ ಹರಿದುಹೋದರೆ ಗಾಲಿಯನ್ನು ಬಿಚ್ಚದೆ ಗತ್ಯಂತರವಿಲ್ಲ. ಆಗ ಬದಲಿ ಟ್ಯೂಬು ಸಿಗಬೇಕು. 26ರ ಟ್ಯೂಬು ಚಿಕ್ಕ ಊರಿನಲ್ಲಿಯೂ ದೊರೆಯುತ್ತದೆ. ಅದನ್ನು ಕೊಂಚ ಹಿಗ್ಗಿಸಿ 27.5ರ ಗಾಲಿಗೆ ಕೂರಿಸಬಹುದು, ಊರು ಸೇರುವುದಕ್ಕೆ ಅಷ್ಟು ಸಾಕು. ವಾಲ್ವು ಮೋಟಾರ್ ಸೈಕಲ್ಲಿನ ಮಾದರಿಯದಾಗಿರಲಿ. ಪಂದ್ಯದ ಸೈಕಲ್ಲುಗಳ ತೆಳು ವಾಲ್ವಿಗೆ ಗಾಳಿ ಹಾಕುವ ಪಂಪು ದಾರಿಯಲ್ಲಿ ಸಿಗುವುದು ದುರ್ಲಭ. ಟ್ಯೂಬಿಲ್ಲದ ಟೈರಿನೊಳಕ್ಕೆ ರಂಧ್ರ ಮುಚ್ಚುವ ದ್ರವವನ್ನು ಸುರಿಯುವುದು ನೆಗ್ಗಿಲಿಗೆ ಉತ್ತಮ ಪ್ರತೀಕಾರವೆಂಬುದನ್ನು ಒಪ್ಪುತ್ತೇನೆ. ಆದರೆ ನಮ್ಮ ಬಿಸಿಲಿಗೆ ಅದು ಬೇಗ ಒಣಗುವುದರಿಂದ, ಕೆಲವು ತಿಂಗಳಿಗೊಮ್ಮೆ ಅದನ್ನು ತುಂಬುವ ವ್ಯವಧಾನವುಳ್ಳವರೇ ಆ ವ್ರತವನ್ನು ಹಿಡಿಯಬೇಕು.

ಮೋಟಾರಿನ ವಿಚಾರಕ್ಕೆ ಬಂದರೆ ಗಾಲಿಯ ಇಂಚಿಗೆ ನಿಜವಾದ ಅರ್ಥ ಬರುವುದು ಇಲ್ಲಿಯೇ. ಮೂವತ್ತು ನಿಮಿಷದ ಸಾಮರ್ಥ್ಯ 250 ವ್ಯಾಟಿಗಿಂತಲೂ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿರುವ ಹಗುರ ವಾಹನವನ್ನು ನಮ್ಮ ನಿಯಮಗಳು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಲೈಸೆನ್ಸು ಬೇಡ, ನೋಂದಣಿ ಬೇಡ. ಈ ಮಿತಿಯೊಳಗೆ ಎಷ್ಟು ಕೆಲಸವಾದೀತು? ಸವಾರ, ಸೈಕಲ್ಲು, ಚೀಲ ಎಲ್ಲ ಸೇರಿ 100 ಕಿಲೋ ತೂಕ, ಹತ್ತಕ್ಕೊಂದರಂತೆ ಏರುವ ದಾರಿ ಎಂದಿಟ್ಟುಕೊಳ್ಳೋಣ. ಭೂಮಿಯ ಸೆಳೆತವನ್ನು ಮೀರುವುದಕ್ಕೇ 98 ನ್ಯೂಟನ್ ಬಲ ಬೇಕು. ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಏರಿದರೆ ಸುಮಾರು 270 ವ್ಯಾಟು. ಕೊರತೆಯನ್ನು ಕಾಲುಗಳು ತುಂಬಿಕೊಡಬೇಕು. ಗುಂಬದ ಮೋಟಾರು 40 ನ್ಯೂಟನ್-ಮೀಟರು ತಿರುಚುಬಲ ಕೊಡುವುದಾದರೆ ಅದು 26ರ ಗಾಲಿಯ ಅಂಚಿನಲ್ಲಿ 121 ನ್ಯೂಟನ್ ಆಗಿಯೂ 29ರ ಅಂಚಿನಲ್ಲಿ 109 ಆಗಿಯೂ ನೆಲವನ್ನು ತಳ್ಳುತ್ತದೆ. ಗಾಲಿ ದೊಡ್ಡದಾದಷ್ಟೂ ಏರಿನಲ್ಲಿ ಮೋಟಾರು ತಿಣುಕುತ್ತದೆ. ತಿಣುಕುವ ಮೋಟಾರು ವಿದ್ಯುತ್ತನ್ನು ವೇಗವನ್ನಾಗಿ ಮಾರ್ಪಡಿಸುವ ಬದಲು ಶಾಖವನ್ನಾಗಿ ಮಾರ್ಪಡಿಸುತ್ತದೆ, ಏಪ್ರಿಲ್ ತಿಂಗಳಿನಲ್ಲಿ ಈ ಸೀಮೆಗೆ ಕೊರತೆಯಿಲ್ಲದ ವಸ್ತುವೇನಾದರೂ ಇದ್ದರೆ ಅದು ಅದೇ. ಪೆಡಲಿನ ಬಳಿ ಮೋಟಾರನ್ನಿಟ್ಟ ಸೈಕಲ್ಲುಗಳಿಗೆ ಈ ಪೀಡೆಯಿಲ್ಲ. ಚೈನು ಗಿಯರುಗಳ ಮೂಲಕ ಬಲ ಹರಿಯುವುದರಿಂದ ಸಣ್ಣ ಗಿಯರಿಗೆ ಇಳಿಸಿಕೊಂಡರಾಯಿತು. ಆದರೆ ಬೆಲೆ ಹಲವು ಪಟ್ಟು, ಕೆಟ್ಟರೆ ದೂರದ ನಗರವೇ ಗತಿ, ಚೈನೂ ಬೇಗ ಸವೆಯುತ್ತದೆ. ದೇವಾಲಯದ ಶಿಖರಕ್ಕೇ ಎಣ್ಣೆಯೆರೆಯುವ ಉಜ್ಜಿನಿಯ ನೆರೆಯಲ್ಲಿದ್ದುಕೊಂಡು ಚೈನಿಗೆ ನಾಲ್ಕು ಹನಿ ಎಣ್ಣೆ ಬಿಡಲು ಬೇಸರಪಡುವ ಸೈಕಲ್ ಸವಾರರನ್ನು ನಾನು ಬಲ್ಲೆ.

ಇಬ್ಬರು ಮಿತ್ರರ ಗಾಡಿಗಳನ್ನು, ಒಂದು 27.5ರದು, ಇನ್ನೊಂದು 29ರದು, ಎರಡೂ ಗುಂಬದ ಮೋಟಾರಿನವು, ಎರವಲು ಪಡೆದು ವಾರವಿಡೀ ತುಳಿದೆ. ಅಂಕಸಮುದ್ರದ ಪಕ್ಷಿಗಳನ್ನು ನೋಡಲು ಹೋದ ಸಮತಲದ ದಾರಿಯಲ್ಲಿ 29 ನಿಸ್ಸಂಶಯವಾಗಿ ಹಿತವಾಗಿತ್ತು. ಒಮ್ಮೆ ವೇಗ ಹಿಡಿದರೆ ಅದನ್ನು ಬಿಟ್ಟುಕೊಡದ ಗಾಂಭೀರ್ಯ ಅದರಲ್ಲಿದೆ. ಬಂಡಿಯ ಜಾಡಿನಲ್ಲಿ, ಕಲ್ಲುಗಳ ನಡುವೆ ಥಟ್ಟನೆ ಹೊರಳಬೇಕಾದಲ್ಲಿ, ನಿಂತು ಹೊರಡಬೇಕಾದಲ್ಲಿ, ಐದಡಿ ಐದಂಗುಲದ ನನಗೆ ಅದು ದೊಡ್ಡಣ್ಣನ ಅಂಗಿಯಂತೆ ತೋರಿತು. ಮುಂದೆ 29, ಹಿಂದೆ 27.5 ಇಟ್ಟು ಎರಡರ ಗುಣವನ್ನೂ ಕೊಡುತ್ತೇವೆನ್ನುವ ಮಾದರಿಗಳೂ ಉಂಟು. ಎರಡು ಅಳತೆಯ ಟ್ಯೂಬುಗಳನ್ನು ಚೀಲದಲ್ಲಿ ಹೊತ್ತು ತಿರುಗುವವರಿಗೆ ಅವು ಯೋಗ್ಯ. ನನ್ನ ನಿರ್ಣಯ 27.5ರ ಗಾಲಿ, 2.4 ಇಂಚಿನ ಟೈರು, ಗುಂಬದ ಮೋಟಾರು, ಕಳಚಿ ಮನೆಯೊಳಗೆ ಚಾರ್ಜು ಮಾಡಬಹುದಾದ ಬ್ಯಾಟರಿ. ಎತ್ತರದ ಆಳು, ಪೆಡಲಿನ ಬಳಿ ಮೋಟಾರಿರುವ ಗಾಡಿಗೆ ಹಣ ತೆರಬಲ್ಲವನು 29ನ್ನು ಕೊಂಡರೆ ನಾನು ಆಕ್ಷೇಪಿಸುವುದಿಲ್ಲ. ಆಕ್ಷೇಪವಿರುವುದು ಅಗ್ಗದ ಸೈಕಲ್ಲಿನ ಮುಂದೆ ಅಲಂಕಾರಕ್ಕೆಂದು ಕೂರಿಸುವ ಸ್ಪ್ರಿಂಗ್ ಫೋರ್ಕಿನ ಮೇಲೆ. ಅದು ತೂಕವನ್ನು ಹೆಚ್ಚಿಸಿ ಟೈರು ಉಚಿತವಾಗಿ ಮಾಡುವ ಕೆಲಸವನ್ನು ಕೆಟ್ಟದಾಗಿ ಮಾಡುತ್ತದೆ.

ಇನ್ನೊಂದು ವಿಷಯ, ಅದು ಗಾಲಿಯದಲ್ಲ. ಗುಡೇಕೋಟೆಯ ಕರಡಿಧಾಮದೊಳಕ್ಕೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಹೋಗಬಾರದೆಂಬುದು ಸರಿಯೇ. ಆದರೆ ಕರಡಿಗೆ ಧಾಮದ ಎಲ್ಲೆ ತಿಳಿಯದು, ಬೋರೆಯ ಹಣ್ಣಿಗಾಗಿ ಅದು ಹೊರಗೂ ತಿರುಗುತ್ತದೆ. ಅದು ಮನುಷ್ಯನ ಮೇಲೆ ಬೀಳುವುದು ಬಹುಮಟ್ಟಿಗೆ ಬೆಚ್ಚಿದಾಗ. ಎತ್ತಿನ ಬಂಡಿ ಕಿರುಗುಟ್ಟುತ್ತಿತ್ತು, ಎತ್ತಿನ ಕೊರಳಲ್ಲಿ ಗೆಜ್ಜೆಯಿತ್ತು, ಮೋಟಾರ್ ಸೈಕಲ್ಲು ಮೈಲಿ ದೂರದಿಂದಲೇ ಅರಚುತ್ತದೆ. ಈ ಗಾಡಿಯಾದರೋ ಸಂಜೆಯ ಮಬ್ಬಿನಲ್ಲಿ ಸದ್ದಿಲ್ಲದೆ ಬಂಡೆಯ ತಿರುವಿಗೆ ಬಂದುಬಿಡುತ್ತದೆ. ಕೊಂಡ ದಿನ ನನ್ನದಕ್ಕೆ ಗಂಟೆಯೇ ಇರಲಿಲ್ಲ. ಕೊಟ್ಟೂರಿನ ಅಂಗಡಿಯಲ್ಲಿ ಹಳೆಯ ಕರಿಯ ಸೈಕಲ್ಲಿನದೊಂದು ಹಿತ್ತಾಳೆಯ ಗಂಟೆಯನ್ನು ಹಾಕಿಸಿಕೊಂಡೆ. "ಇದಕ್ಕೆ ಅದು ಒಪ್ಪಂಗಿಲ್ಲಲ್ರೀ ಮೇಷ್ಟ್ರೇ" ಎಂದ ಅಂಗಡಿಯವ, ಸ್ಕ್ರೂ ಬಿಗಿಸುತ್ತ. ಬಾರಿಸಿ ನೋಡಿದೆ, ಬೀದಿಯ ಆಚೆಯ ಎಮ್ಮೆಯೊಂದು ತಲೆಯೆತ್ತಿತು.