ಲೆವೆಲಿಂಗ್ ಗುಂಡಿ ಯಾರ ಕೈಯಲ್ಲಿರಬೇಕು?

ಐದೈದು ದಿನದ ಎರಡು ಕೆಲಸ, ಎರಡೂ ಸೋಮವಾರವೇ ಶುರು, ಎರಡಕ್ಕೂ ಒಬ್ಬಳೇ ಎಲೆಕ್ಟ್ರಿಕಲ್ ಇಂಜಿನಿಯರ್ ಎಂದುಕೊಳ್ಳೋಣ. ಯೋಜನೆಯ ವೇಳಾಪಟ್ಟಿ ಹಾಕುವ ತಂತ್ರಾಂಶವಾದ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ರಿಸೋರ್ಸ್ ಶೀಟ್‌ನಲ್ಲಿ ಆಕೆಯ ಹೆಸರು ಕೆಂಪಾಗುತ್ತದೆ. ದಿನಕ್ಕೆ 8 ಗಂಟೆ ದುಡಿಯುವವಳ ತಲೆಯ ಮೇಲೆ 16 ಗಂಟೆಯ ಕೆಲಸ ಬಿದ್ದಿದೆ. ಲೆವೆಲಿಂಗ್, ಅಂದರೆ ಈ ಹೊರೆಯನ್ನು ಸರಿದೂಗಿಸುವ ಕ್ರಿಯೆ, ಮಾಡಿದರೆ ಒಂದು ಕೆಲಸ ಮುಂದಿನ ವಾರಕ್ಕೆ ಹೋಗುತ್ತದೆ. ಹಾಗೆ ಹೋದ ಕೆಲಸಕ್ಕೆ ಮೂರೇ ದಿನದ ಸ್ಲ್ಯಾಕ್, ಅಂದರೆ ಯೋಜನೆ ತಡವಾಗದಂತೆ ಸರಿಯಬಹುದಾದ ಬಿಡುವು, ಇದ್ದರೆ ಇಡೀ ಯೋಜನೆ ಎರಡು ದಿನ ತಡವಾಗುತ್ತದೆ.

ಈ ಎರಡು ದಿನವನ್ನು ಬಿಟ್ಟುಕೊಡುವ ತೀರ್ಮಾನ ಯಾರದು?

ಲೆವೆಲಿಂಗ್ ಆಟೋಮ್ಯಾಟಿಕ್ ಆಗಿದ್ದರೆ ತೀರ್ಮಾನ ತಂತ್ರಾಂಶದ್ದು. ಒಂದು ಕೆಲಸದ ಅವಧಿ ತಿದ್ದಿದರೆ ಸಾಕು, ಎಲ್ಲೋ ಇರುವ ಇನ್ನೊಂದು ಕೆಲಸದ ದಿನಾಂಕ ಯಾರನ್ನೂ ಕೇಳದೆ ಸರಿಯಬಹುದು. ಮ್ಯಾನುಯಲ್‌ನಲ್ಲಿ ಲೆಕ್ಕ ಹಾಕುವುದು ಅದೇ ಯಂತ್ರ. ಆದರೆ ಯೋಜಕ ಆಜ್ಞೆ ಕೊಟ್ಟಾಗ ಮಾತ್ರ ಹಾಕುತ್ತದೆ. ಮೈಕ್ರೋಸಾಫ್ಟ್ ಮ್ಯಾನುಯಲ್ ಅನ್ನೇ ಮೊದಲ ಆಯ್ಕೆಯಾಗಿ ಇಟ್ಟಿರುವುದು ಸರಿಯಾಗಿಯೇ ಇದೆ.

ಯಂತ್ರದ ಉತ್ತರವೇ ಉತ್ತಮವೆಂಬ ಖಾತ್ರಿಯೂ ಇಲ್ಲ. ಸೀಮಿತ ಸಂಪನ್ಮೂಲದಲ್ಲಿ ಅತಿ ಚಿಕ್ಕ ವೇಳಾಪಟ್ಟಿ ಹುಡುಕುವುದು ಗಣಿತದ ಅತಿ ಕಠಿಣ ಸಮಸ್ಯೆಗಳ ಸಾಲಿಗೆ ಸೇರುತ್ತದೆಂದು ಬ್ಲಾಜೆವಿಚ್, ಲೆನ್‌ಸ್ಟ್ರಾ, ರಿನೂಯ್ ಕಾನ್ ಎಂಬ ಸಂಶೋಧಕರು 1983ರಲ್ಲೇ ತೋರಿಸಿದ್ದಾರೆ. ಆದ್ದರಿಂದ ತಂತ್ರಾಂಶ ಕೆಲವು ಸಿದ್ಧ ನಿಯಮಗಳನ್ನೇ ನೆಚ್ಚಿಕೊಳ್ಳುತ್ತದೆ. ಯಾವ ಕೆಲಸ ಯಾವುದನ್ನು ಕಾಯುತ್ತಿದೆ, ಸ್ಲ್ಯಾಕ್ ಎಷ್ಟು, ದಿನಾಂಕ ಯಾವುದು, 0ರಿಂದ 1000ದವರೆಗಿನ ಪ್ರಯಾರಿಟಿ ಎಷ್ಟು ಎಂದು ನೋಡುತ್ತದೆ. 1000 ಕೊಟ್ಟ ಕೆಲಸವನ್ನು ಮುಟ್ಟುವುದಿಲ್ಲ. ಆದರೆ ಎಲ್ಲಕ್ಕೂ ಮೊದಲೇ ಇರುವ 500ನ್ನು ಹಾಗೇ ಬಿಟ್ಟವರಿಗೆ ಈ ಸೌಲಭ್ಯ ಇದ್ದೂ ಇಲ್ಲದಂತೆ.

ಇದಕ್ಕಿಂತ ದೊಡ್ಡ ಕೊರತೆಯೊಂದಿದೆ. ಈ ಲೆವೆಲಿಂಗ್‌ಗೆ ಗೊತ್ತಿರುವುದು ಕೆಲಸವನ್ನು ಮುಂದೂಡುವುದು ಅಥವಾ ತುಂಡು ಮಾಡುವುದು, ಎರಡೇ. ಪಕ್ಕದ ಮೇಜಿನ ಇಂಜಿನಿಯರ್ ಬಿಡುವಾಗಿದ್ದರೂ ಕೆಲಸವನ್ನು ಆತನಿಗೆ ವಹಿಸುವುದಿಲ್ಲ. ಒಮ್ಮೆ ಶುರುವಾದ ಕಾಂಕ್ರೀಟ್ ಹಾಕುವ ಕೆಲಸವನ್ನು ನಡುವೆ ನಿಲ್ಲಿಸಿದರೆ ಹಳೆಯ ಮತ್ತು ಹೊಸ ಕಾಂಕ್ರೀಟಿನ ಬೆಸುಗೆ ದುರ್ಬಲವಾಗುತ್ತದೆ ಎಂಬುದೂ ಅದಕ್ಕೆ ತಿಳಿಯದು. ಅದು ಸೈಟಿನ ಮೇಸ್ತ್ರಿಗೆ ಗೊತ್ತು.

ಕೆಂಪು ಬಣ್ಣ ಕಂಡೊಡನೆ ಗಾಬರಿಯಾಗಬೇಕಿಲ್ಲ. ನಾಲ್ಕು ನಾಲ್ಕು ಗಂಟೆಯ ಎರಡು ಕೆಲಸ ಒಂದೇ ಬೆಳಿಗ್ಗೆ ಇದ್ದರೂ ಹೆಸರು ಕೆಂಪಾಗುತ್ತದೆ. ಒಂದನ್ನು ಮಧ್ಯಾಹ್ನ ಮಾಡಿದರೆ ಮುಗಿಯಿತು. ಲೆವೆಲಿಂಗ್ ದಿನದ ಲೆಕ್ಕದಲ್ಲಿದ್ದರೆ ಇದನ್ನು ಹಾಗೇ ಬಿಡುತ್ತದೆ. ನಿಮಿಷದ ಲೆಕ್ಕಕ್ಕೆ ಬದಲಿಸಿದರೆ ಇಷ್ಟಕ್ಕೂ ಕೆಲಸದ ಸಮಯ ಕದಲಿಸುತ್ತದೆ.

ಒಬ್ಬಿಬ್ಬರು ದುಡಿಯುವ ಚಿಕ್ಕ ಯೋಜನೆಗೆ ಆಟೋಮ್ಯಾಟಿಕ್‌ನಿಂದ ಅಂಥ ತೊಂದರೆಯಿಲ್ಲ. ಹಲವು ತಂಡಗಳು, ಗುತ್ತಿಗೆಯ ಗಡುವು ಇರುವಲ್ಲಿ ಮಾತ್ರ ಅದು ಬೇಡವೇ ಬೇಡ. ಇಂಥದೇ ಇನ್ನೊಂದು ತಂತ್ರಾಂಶವಾದ ಪ್ರಿಮವೇರಾ ಪಿ6ರಲ್ಲಿಯೂ ಶೆಡ್ಯೂಲ್ ಮಾಡುವಾಗಲೇ ತಾನಾಗಿ ಲೆವೆಲ್ ಮಾಡುವ ಆಯ್ಕೆಯಿದೆ. ಎಚ್ಚರಿಕೆಯ ಮಾತು ಅದಕ್ಕೂ ಸಲ್ಲುತ್ತದೆ.

ಯೋಜಕರು ಮೊದಲು ಬೇಸ್‌ಲೈನ್, ಅಂದರೆ ಮೂಲ ವೇಳಾಪಟ್ಟಿಯ ಪ್ರತಿ, ಉಳಿಸಿಕೊಳ್ಳಲಿ. ಸ್ಲ್ಯಾಕ್ ಮೀರದಂತೆ ನಿರ್ಬಂಧ ಹಾಕಿ ಲೆವೆಲ್ ಮಾಡಲಿ, ಲೆವೆಲಿಂಗ್ ಗ್ಯಾಂಟ್ ಎಂಬ ನೋಟದಲ್ಲಿ ಹಿಂದಿನ ಮತ್ತು ಈಗಿನ ದಿನಾಂಕಗಳನ್ನು ಹೋಲಿಸಿ ನೋಡಲಿ. ಆಮೇಲೂ ಬಗೆಹರಿಯದೆ ಉಳಿದವುಗಳನ್ನು ಆ ಕೆಲಸ ಮಾಡುವವರ ಜೊತೆ ಕೂತು ತೀರ್ಮಾನಿಸಲಿ.