ಒಂದೇ ಲಯ, ಎರಡು ಸಲ

ಜಮೈಕಾದ ಡೀಜೆ ಬಿಗ್ ಯೂತ್‌ನ ‘ಸ್ಕ್ರೀಮಿಂಗ್ ಟಾರ್ಗೆಟ್’ ಎಲ್‌ಪಿಯಲ್ಲಿ ಶೀರ್ಷಿಕೆ ಹಾಡು ಎರಡು ಸಲ ಬರುತ್ತದೆ. ಲಯ ಅದೇ, ಬೇಸ್ ಗಿಟಾರಿನ ನಡೆ ಅದೇ, ಮಾತು ಮಾತ್ರ ಬೇರೆ. ಸರಕು ಸಾಲದೆ ಜಾಗ ತುಂಬಿಸಿದ್ದಾರೆಂದು ಮೊದಮೊದಲು ನನಗನಿಸಿತ್ತು. ಈಗ ಆ ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳುವುದೇ ಈ ರೆಕಾರ್ಡಿನ ದೊಡ್ಡ ಸುಖ ಎನ್ನುತ್ತೇನೆ.

ಜಮೈಕಾದಲ್ಲಿ ರೆಕಾರ್ಡ್ ಹಾಕುವವನನ್ನು ಸೆಲೆಕ್ಟರ್ ಎನ್ನುತ್ತಾರೆ. ಅದರ ಮೇಲೆ ಮೈಕ್ ಹಿಡಿದು ಮಾತು ಹೆಣೆಯುವವನೇ ಡೀಜೆ. ಅವನಿಗೆ ಜಾಗ ಸಿಕ್ಕಿದ್ದರ ಹಿಂದೆ ಒಂದು ಮರೆವಿದೆ. 1960ರ ದಶಕದ ಕೊನೆಯಲ್ಲಿ ಸ್ಪ್ಯಾನಿಷ್ ಟೌನಿನಲ್ಲಿ ಸೌಂಡ್ ಸಿಸ್ಟಮ್ ನಡೆಸುತ್ತಿದ್ದ ರೂಡಿ ರೆಡ್‌ವುಡ್‌ಗಾಗಿ ರೆಕಾರ್ಡ್ ಕೊರೆಯುವಾಗ ಎಂಜಿನಿಯರ್ ಗಾಯಕನ ದನಿ ಸೇರಿಸಲು ಮರೆತ. ಕುಣಿಯಲು ಬಂದ ಜನ ಬರೀ ವಾದ್ಯ ಕೇಳಿ, ಹಾಡನ್ನು ತಾವೇ ಹಾಡಿಕೊಂಡರು. ಮುಂದೆ ರೆಕಾರ್ಡಿನ ಹಿಂಬದಿಗೆ ದನಿಯಿಲ್ಲದ ‘ವರ್ಷನ್’ ಹಾಕುವುದು ರೂಢಿಯಾಯಿತು; ಆ ಖಾಲಿ ಜಾಗ ಡೀಜೆಯ ಪಾಲಾಯಿತು.

ಆ ಹಿಂಬದಿಯನ್ನು ಕಲೆಯ ಮಟ್ಟಕ್ಕೇರಿಸಿದವನು ಕಿಂಗ್ ಟಬ್ಬಿ. ರೇಡಿಯೊ ರಿಪೇರಿ ಬಲ್ಲವನು. ಕಿಂಗ್‌ಸ್ಟನ್ನಿನ ವಾಟರ್‌ಹೌಸ್ ಬಡಾವಣೆಯ ಮನೆಯಲ್ಲೇ ಮಿಕ್ಸಿಂಗ್ ನಡೆಸಿದ. ಗಿಟಾರ್ ತಟ್ಟನೆ ಮಾಯವಾಗುತ್ತದೆ, ಒಂದು ಡ್ರಮ್ ಪೆಟ್ಟು ಪ್ರತಿಧ್ವನಿಯಾಗಿ ದೂರ ದೂರ ಸರಿಯುತ್ತದೆ, ಬೇಸ್ ಒಂದೇ ಉಳಿದು ನಡೆಯುತ್ತದೆ. ಅದು ಡಬ್.

ಬಿಗ್ ಯೂತ್, ಅಂದರೆ ಮ್ಯಾನ್ಲಿ ಬುಕಾನನ್, ಹೋಟೆಲೊಂದರಲ್ಲಿ ಮೆಕ್ಯಾನಿಕ್ ಆಗಿದ್ದಾಗ ಅಲ್ಲಿನ ಖಾಲಿ ಕೋಣೆಗಳಲ್ಲಿ ಗಂಟಲು ಪಳಗಿಸಿದವನು. ಬೈಕೊಂದರ ಹೆಸರು ಹೊತ್ತ ಅವನ ‘ಎಸ್ 90 ಸ್ಕ್ಯಾಂಕ್’ ಹಾಡಿಗಾಗಿ ನಿರ್ಮಾಪಕ ಕೀತ್ ಹಡ್ಸನ್ ಸ್ಟುಡಿಯೊದೊಳಕ್ಕೆ ಬೈಕನ್ನೇ ತರಿಸಿದ್ದ! ಈ ಎಲ್‌ಪಿ ಆ ಹಾಡಿನ ಬೆನ್ನಿಗೇ, 1972–73ರ ಹೊತ್ತಿಗೆ ಬಂತು. ಇದರ ನಿರ್ಮಾಪಕ ಗಸ್ಸಿ ಕ್ಲಾರ್ಕ್‌ಗೆ ಆಗ ಇಪ್ಪತ್ತರ ಆಸುಪಾಸು.

ಶೀರ್ಷಿಕೆ ಹಾಡಿನ ಲಯ ಗಾಯಕ ಕೆ.ಸಿ. ವೈಟ್‌ನ ‘ನೋ, ನೋ, ನೋ’ದು. ಅದಕ್ಕೂ ಮೊದಲು, 1967ರಲ್ಲಿ, ಡಾನ್ ಪೆನ್ ಅದನ್ನು ಹಾಡಿದ್ದಳು. 1994ರಲ್ಲಿ ಅವಳೇ ಮತ್ತೆ ಹಾಡಿ ಬ್ರಿಟನ್ನಿನಲ್ಲೂ ಗೆದ್ದಳು. ಬಿಗ್ ಯೂತ್‌ನ ಹಿಂದೆ ವೈಟ್‌ನ ದನಿ ಆಗಾಗ ಇಣುಕಿ ಮರೆಯಾಗುತ್ತದೆ. ಮತ್ತೊಬ್ಬ ಡೀಜೆ ಯು-ರಾಯ್ ಆಗಿದ್ದರೆ ಹಾಡುಗಾರನಿಗೆ ಪಟಪಟನೆ ಮಾರುತ್ತರ ಕೊಡುತ್ತಿದ್ದ. ಬಿಗ್ ಯೂತ್‌ಗೆ ಅಷ್ಟು ಆತುರವಿಲ್ಲ. ಸಾಲನ್ನು ಪ್ರಾರ್ಥನೆಯಂತೆ ಎಳೆಯುತ್ತಾನೆ, ನಿಲ್ಲುತ್ತಾನೆ, ಒಮ್ಮೆಲೇ ಕೂಗುತ್ತಾನೆ. ಬೇಸ್ ಎಲ್ಲಿ ಉಸಿರು ಬಿಡುತ್ತದೆಂದು ಅವನ ಮೈಗೇ ಗೊತ್ತು. ಎರಡನೇ ಸಲದಲ್ಲಿ ಅವನು ಬೇರೆ ಸಂದಿಗಳನ್ನು ಹುಡುಕಿಕೊಂಡಿದ್ದಾನೆ. ಮೊದಲ ಸಲ ಅವು ಅಲ್ಲಿದ್ದವೆಂದೇ ನನಗೆ ಕೇಳಿಸಿರಲಿಲ್ಲ.

ಕೇಳುವವರು ವೈಟ್‌ನ ಹಾಡಿನಿಂದ ತೊಡಗಿ. ಆಮೇಲೆ ಬಿಗ್ ಯೂತ್‌ನ ಎರಡೂ ಸಲದ್ದು. ಫೋನಿನ ಪುಟ್ಟ ಸ್ಪೀಕರ್ ಮಾತ್ರ ಬೇಡ. ಈ ಸಂಗೀತ ಬಯಲಲ್ಲಿ ಆಳೆತ್ತರದ ಪೆಟ್ಟಿಗೆಗಳನ್ನು ಪೇರಿಸಿ ಕೇಳಿಸಿದ್ದು. ಬೇಸ್ ಎದೆಗೆ ತಾಗಬೇಕು.